ಬಜ್ಪೆಯಿಂದ ಬೀದರ್‌ಗೆ ವಿಮಾನದಲ್ಲಿ ಎಷ್ಟು ಹೊತ್ತು?

ಕಾಲೇಜು, ವರ್ಗಾವಣೆ, ಕಚೇರಿ ಕೆಲಸ ಅಂತ ನಮ್ಮ ಬಜಗೋಳಿ ಕಡೆಯವರಿಗೂ ಬೀದರ್ ದಾರಿ ಬೀಳುವುದುಂಟು. ಮಂಗಳೂರಿನ ಮೀನುಗಾರಿಕೆ ಕಾಲೇಜು ಸೇರಿರುವ ವಿಶ್ವವಿದ್ಯಾಲಯದ ಕೇಂದ್ರ ಇರುವುದೇ ಅಲ್ಲಿ.

ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದಿಂದ ಬೀದರ್‌ಗೆ ಆಕಾಶದೂರ ಸುಮಾರು 615 ಕಿ.ಮೀ. ಇದು ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ಗೆರೆ. ಇದಕ್ಕೆ ಎಷ್ಟು ಹೊತ್ತು ಬೇಕು? ದೂರವನ್ನು ವೇಗದಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 800 ಕಿ.ಮೀ.; ಪಂಖ ತಿರುಗುವ ಎಟಿಆರ್ ವಿಮಾನದ್ದು 500ರ ಆಸುಪಾಸು. ಅರ್ಧ ಗಂಟೆ ಯಾಕೆ? ರನ್‌ವೇವರೆಗೆ ತೆವಳಬೇಕು, ಮೇಲೇರಬೇಕು, ನಿಧಾನವಾಗಿ ಇಳಿಯಬೇಕು. ಜೆಟ್ ಆದರೆ ಒಂದೂಕಾಲು ಗಂಟೆ ಅಂತ ಲೆಕ್ಕ ಬಂತು.

ಆದರೆ ಆ ಗೆರೆಯ ಮೇಲೆ ನೇರ ವಿಮಾನವೇ ಇಲ್ಲ. ಬೆಂಗಳೂರಲ್ಲಿ ವಿಮಾನ ಬದಲಿಸಬೇಕು: ಅಲ್ಲಿಗೆ ಸುಮಾರು 305 ಕಿ.ಮೀ., ಅಲ್ಲಿಂದ ಬೀದರ್‌ಗೆ 520. ಜೆಟ್, ಎಟಿಆರ್ ಎರಡರ ನಡುವೆ ಹಿಡಿದರೆ ಹಾರಾಟವೇ ಎರಡು ಗಂಟೆ ಇಪ್ಪತ್ತು ನಿಮಿಷದಷ್ಟು. ನಡುವೆ ಕಾಯುವುದು ಬೇರೆ.

ಕಾಯುವ ಹೊತ್ತಿನಲ್ಲೇ ಇರುವುದು ಕಷ್ಟ. ಎರಡು ಕಂಪನಿಯ ಎರಡು ಟಿಕೆಟ್ ಆದರೆ ಬ್ಯಾಗನ್ನು ಬೆಂಗಳೂರಲ್ಲಿ ನೀವೇ ಇಳಿಸಿಕೊಂಡು ಮತ್ತೆ ಕೌಂಟರಿಗೆ ಕೊಡಬೇಕು. ಟರ್ಮಿನಲ್ ಕೂಡ ಬದಲಾಗಬಹುದು. ಮಳೆಗಾಲದಲ್ಲಿ ಬಜ್ಪೆ ಗುಡ್ಡದ ಮೇಲೆ ಮಂಜು ಕವಿದು ಮೊದಲ ವಿಮಾನ ತಡವಾಯಿತೆನ್ನಿ, ಎರಡನೆಯದು ನಿಮಗಾಗಿ ನಿಲ್ಲುವುದಿಲ್ಲ. ದುಡ್ಡೂ ವಾಪಸ್ ಬರುವುದು ಕಷ್ಟ. ಒಂದೇ ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಇದ್ದರೆ ಮುಂದಿನ ದಾರಿ ನೋಡುವುದು ಕಂಪನಿಯ ಜವಾಬ್ದಾರಿ.

ಬೀದರ್ ವಿಮಾನ ದಿನವೂ ಇರುತ್ತದೆಯೇ? ಅದನ್ನು ನಂಬಿ ಕೂರಬೇಡಿ. ಬೀದರ್‌ನಿಂದ ನಾಗರಿಕ ವಿಮಾನ ಶುರುವಾದದ್ದು 2020ರ ಫೆಬ್ರವರಿಯಲ್ಲಿ, ನಡುವೆ ನಿಂತೂ ಹೋಗಿತ್ತು. ಕೇಂದ್ರ ಸರ್ಕಾರದ 'ಉಡಾನ್' ಯೋಜನೆಯಲ್ಲಿ ಬೀದರ್‌ನಂಥ ಸಣ್ಣ ಊರಿನ ಮಾರ್ಗಕ್ಕೆ ಸಿಗುವ ಸಹಾಯಧನ ಮೂರು ವರ್ಷಕ್ಕೆ ಮಾತ್ರ. ಅದು ಮುಗಿದ ಮೇಲೆ ಸೀಟು ತುಂಬದಿದ್ದರೆ ಕಂಪನಿಗೆ ಗಿಟ್ಟುವುದಿಲ್ಲ.

ಇನ್ನೊಂದು ದಾರಿಯಿದೆ. ಬಜ್ಪೆಯಿಂದ ಹೈದರಾಬಾದಿಗೆ ಆಕಾಶದೂರ ಸುಮಾರು 605 ಕಿ.ಮೀ., ಬೀದರ್‌ನಷ್ಟೇ ಅನ್ನಿ. ಜೆಟ್, ಎಟಿಆರ್ ನಡುವೆ ಹಿಡಿದರೆ ಒಂದೂವರೆ ಗಂಟೆ ಹಾರಾಟ. ಶಂಶಾಬಾದ್ ನಿಲ್ದಾಣದಿಂದ ಬೀದರ್‌ಗೆ ರಸ್ತೆಯಲ್ಲಿ ಸುಮಾರು 150 ಕಿ.ಮೀ., ಕಾರಲ್ಲಿ ಮೂರು ಗಂಟೆ. ಬೆಂಗಳೂರಲ್ಲಿ ಕಾಯುವುದು ಎರಡೂವರೆ ಗಂಟೆ ದಾಟುತ್ತದೆಂದಾದರೆ ನನ್ನ ಮತ ಹೈದರಾಬಾದಿಗೆ. ಟಿಕೆಟ್ ದರ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಟ್ಯಾಕ್ಸಿ ಬಾಡಿಗೆ ಸೇರಿಸಿ ಹೋಲಿಸಿ. ಕಂಪನಿಯ ಆ್ಯಪ್‌ನಲ್ಲೋ ಕಾರ್ಕಳದ ಟ್ರಾವೆಲ್ ಏಜೆಂಟರಲ್ಲೋ ಎರಡೂ ದಾರಿಯ ದರ ಕೇಳಿ.

ಮನೆಯಿಂದ ಬಜ್ಪೆಗೆ, ಕಾರ್ಕಳ–ಮೂಡುಬಿದಿರೆ ದಾರಿಯಲ್ಲಿ, ಒಂದೂವರೆ ಗಂಟೆ ಇಟ್ಟುಕೊಳ್ಳಿ. ಬ್ಯಾಗ್ ಕೊಡುವ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಹತ್ತು ಗಂಟೆಯ ವಿಮಾನಕ್ಕೆ ಬಜಗೋಳಿ ಪೇಟೆಯಿಂದ ಆರೂವರೆಗೇ ಹೊರಡಿ.