ಪಟಾನ್‌ಚೆರು ದಾರಿಯಲ್ಲಿ ಕಂಡದ್ದು ಚೆರ್ರಿ ಹೂವಲ್ಲ

ಬೀದರ್, ಹುಮನಾಬಾದ್ ಕಡೆಯಿಂದ ಜಹೀರಾಬಾದ್, ಸಂಗಾರೆಡ್ಡಿ ದಾಟಿ ಹೋಗುವವರಿಗೆ ಪಟಾನ್‌ಚೆರು ಬಂತೆಂದರೆ ಹೈದರಾಬಾದ್ ಬಂದಂತೆಯೇ. ಬೇಸಿಗೆಯ ಹೊಸ್ತಿಲಲ್ಲಿ ಆ ಮಹಾನಗರದ ರಸ್ತೆಬದಿಯ ಮರಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ, ‘ನಮ್ಮಲ್ಲೂ ಚೆರ್ರಿ ಹೂ’ ಎಂಬ ಫೋಟೊಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡತೊಡಗುತ್ತವೆ.

ತಪ್ಪು ಕಲ್ಪನೆ: ಹೈದರಾಬಾದ್, ಬೆಂಗಳೂರಿನ ಗುಲಾಬಿ ಮರಗಳು ಚೆರ್ರಿ.

ವಾಸ್ತವ: ಅವು ಟಬೆಬುಯಾ ರೋಸಿಯಾ. ಮಧ್ಯ ಅಮೆರಿಕದ ಮೂಲ, ಎಲ್ ಸಾಲ್ವಡಾರ್‌ನ ರಾಷ್ಟ್ರೀಯ ಮರ, ನಮ್ಮ ಆಕಾಶಮಲ್ಲಿಗೆಯ ಕುಟುಂಬ. ಅನುಮಾನವಿದ್ದರೆ ಬಿದ್ದ ಹೂವೊಂದನ್ನು ಎತ್ತಿ ನೋಡಿ. ಟಬೆಬುಯಾ ತುತ್ತೂರಿಯಂತೆ ಇಡಿಯಾಗಿ ಉದುರುತ್ತದೆ, ಒಳಗೆ ನಾಲ್ಕು ಕೇಸರ. ಚೆರ್ರಿಗೆ ಐದು ಬಿಡಿ ಎಸಳು, ನಡುವೆ ಕೇಸರಗಳ ಗೊಂಚಲು, ತೊಗಟೆಯ ಮೇಲೆ ಅಡ್ಡಡ್ಡ ಗೀರು. ಟಬೆಬುಯಾದಲ್ಲಿ ಉದ್ದನೆಯ ಕೋಡು ಬಿಡುತ್ತದೆ, ಚೆರ್ರಿಯಲ್ಲಿ ಒಂದೇ ಗೊರಟೆಯ ಹಣ್ಣು.

ತಪ್ಪು ಕಲ್ಪನೆ: ಚೆರ್ರಿ ಹೂವೆಂದರೆ ಜಪಾನ್, ಅದೂ ವಸಂತದಲ್ಲಿ.

ವಾಸ್ತವ: ನಮ್ಮ ಹಿಮಾಲಯದಲ್ಲೇ ಕಾಡು ಚೆರ್ರಿ ಇದೆ. ಸಸ್ಯಶಾಸ್ತ್ರಜ್ಞ ಡೇವಿಡ್ ಡಾನ್ 1825ರಲ್ಲಿ ಅದನ್ನು ಪ್ರೂನಸ್ ಸೆರಸಾಯ್ಡಿಸ್ ಎಂದು ಹೆಸರಿಸಿದ. ಹಿಮಾಚಲದಿಂದ ಮೇಘಾಲಯ, ಮ್ಯಾನ್ಮಾರ್, ಥಾಯ್ಲೆಂಡ್‌ವರೆಗೂ ಹಬ್ಬಿರುವ ಈ ಮರ ನಮ್ಮ ದೇಶದಲ್ಲಿ ಹೂಬಿಡುವುದು ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ. ಉಳಿದ ಹೂಗಳು ಮುಗಿಯುತ್ತ ಬಂದ ಆ ದಿನಗಳಲ್ಲಿ ಬೆಟ್ಟದ ಜೇನಿಗೆ ಇದು ದೊಡ್ಡ ಆಸರೆ. ಶಿಲ್ಲಾಂಗ್‌ನಲ್ಲಿ 2016ರಿಂದ ನವೆಂಬರ್‌ನಲ್ಲಿ ನಡೆಯುವ ಚೆರ್ರಿ ಉತ್ಸವಕ್ಕೂ ಇದೇ ಮರ ಕಾರಣ. ಇಷ್ಟಾಗಿಯೂ ನಮ್ಮವರಿಗೆ ಟೋಕಿಯೊ ಹತ್ತಿರ, ಶಿಲ್ಲಾಂಗ್ ದೂರ!

ತಪ್ಪು ಕಲ್ಪನೆ: ದಕ್ಷಿಣದವರಿಗೆ ಈ ಮರದ ನಂಟೇ ಇಲ್ಲ.

ವಾಸ್ತವ: ಆಯುರ್ವೇದದ ಪದ್ಮಕ ಇದರದೇ ಕಟ್ಟಿಗೆ. ಗ್ರಂಧಿಗೆ ಅಂಗಡಿಯ ಡಬ್ಬಿಯಲ್ಲಿ ಚಕ್ಕೆಯಾಗಿ ಎಂದೋ ನಮ್ಮೂರಿಗೆ ಬಂದಿದೆ. ಕಟ್ಟಿಗೆ ಮದ್ದೆಂದು ಬೀಜವನ್ನೂ ಜಗಿಯಬಾರದು, ಪ್ರೂನಸ್ ಜಾತಿಯ ಬೀಜದೊಳಗೆ ಸಯನೈಡ್ ಹುಟ್ಟಿಸುವ ಅಂಶವಿರುತ್ತದೆ.

ತಪ್ಪು ಕಲ್ಪನೆ: ‘ಸಿಂಗಪುರ ಚೆರ್ರಿ’ಯಾದರೂ ಚೆರ್ರಿ ತಾನೆ?

ವಾಸ್ತವ: ಅಲ್ಲ. ಅದು ಮಕ್ಕಳ ಅಚ್ಚುಮೆಚ್ಚಿನ ಗಸಗಸೆ ಹಣ್ಣು. ಬೇಕರಿ ಕೇಕಿನ ಮೇಲಿನ ಕೆಂಪು ಚೆರ್ರಿಯೂ ಎಷ್ಟೋ ಸಲ ಸಕ್ಕರೆ ಪಾಕದಲ್ಲಿ ಅದ್ದಿದ ಕವಳಿ ಹಣ್ಣೇ.

ತಪ್ಪು ಕಲ್ಪನೆ: ಕಾಡು ಚೆರ್ರಿಯ ಸಸಿ ತಂದು ನೆಟ್ಟರೆ ಪಟಾನ್‌ಚೆರುವಿನಲ್ಲೂ ಹೂಬಿಡುತ್ತದೆ.

ವಾಸ್ತವ: ಕಾಡು ಚೆರ್ರಿ ಒಗ್ಗಿರುವುದು ಸುಮಾರು 1,200ರಿಂದ 2,400 ಮೀಟರ್ ಎತ್ತರದ ತಂಪಿಗೆ. ಪಟಾನ್‌ಚೆರು ಇರುವುದು 550 ಮೀಟರಿನ ಆಸುಪಾಸು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾದಂಥ ಒಣಭೂಮಿ ಬೆಳೆಗಳ ಸಂಶೋಧನೆಗಾಗಿ 1972ರಲ್ಲಿ ಇಕ್ರಿಸ್ಯಾಟ್ ಸಂಸ್ಥೆ ಇಲ್ಲಿ ನೆಲೆಯೂರಿತು. ಅಂಥ ನೆಲವಿದು. ಮಳೆಗಾಲದಲ್ಲಿ ನೀರು ಹಿಡಿದಿಟ್ಟುಕೊಳ್ಳುವ ಎರೆ ಮಣ್ಣು ಚೆರ್ರಿ ಬೇರಿಗೆ ಆಗಿಬರುವುದಿಲ್ಲ. ಹೀಗಿರುವಾಗ ‘ಇಲ್ಲೂ ಬರುತ್ತದೆ’ ಎಂದು ಯಾರಾದರೂ ಚೆರ್ರಿ ಸಸಿ ಮಾರಲು ಬಂದರೆ ದುಡ್ಡು ಕೊಡಬೇಡಿ. ಅಂಗಳಕ್ಕೆ ಹೂ ಬೇಕಿದ್ದರೆ ಮುತ್ತುಗ, ಕಕ್ಕೆ, ಹೊಂಗೆ ನೆಡಿ. ಚೆರ್ರಿಯನ್ನೇ ನೋಡಬೇಕೆಂದಿದ್ದರೆ ನವೆಂಬರ್‌ಗೆ ಶಿಲ್ಲಾಂಗ್ ಟಿಕೆಟ್ ತೆಗೆಸಿ.