ಮುಳ್ಳನ್ನು ದೂರುವ ಮೊದಲು ನೀರನ್ನು ಅಳೆಯಿರಿ

ಇಲವಾಲ ದಾಟಿ ಹುಣಸೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಹಳೆಯ ಜೀಪುಗಳಿಗೆ ಇಂದಿಗೂ ಬರವಿಲ್ಲ. ಕೊಡಗಿನ ಕಾಫಿ ತೋಟಗಳಲ್ಲಿ ದುಡಿದ ಮಹೀಂದ್ರ ಡೀಸೆಲ್ ಜೀಪುಗಳು, 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿಗಳು ಈ ದಾರಿಯಲ್ಲೇ ಮೈಸೂರಿಗೆ ಇಳಿಯುತ್ತವೆ, ಇದೇ ದಾರಿಯಲ್ಲಿ ಹಿಂತಿರುಗುತ್ತವೆ. ಕುಶಾಲನಗರದವರೆಗೆ ರಸ್ತೆಯಲ್ಲಿ ದೊಡ್ಡ ಏರೇನಿಲ್ಲ. ಆನೆಕಾಡು ದಾಟಿ ಸುಂಟಿಕೊಪ್ಪ, ಮಡಿಕೇರಿ ಎಂದು ಹತ್ತತೊಡಗಿದ ಮೇಲೆ ಎಂಜಿನ್ನಿಗೆ ನಿಜವಾದ ಕೆಲಸ ಬೀಳುತ್ತದೆ. ಅಲ್ಲಿಂದಾಚೆಗೆ ಮಾಂದಲ್‌ಪಟ್ಟಿಯಂಥ ಕಲ್ಲುದಾರಿಯಲ್ಲಿ ಮೊದಲ ಗೇರಿನಲ್ಲೇ ತೆವಳುವಾಗ ರೇಡಿಯೇಟರ್‌ಗೆ ಎದುರುಗಾಳಿಯ ನೆರವೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಚಾಲಕನಿಗೆ ಎಂಜಿನ್ನಿನ ಸ್ಥಿತಿ ತಿಳಿಸಬೇಕಾದ ಉಷ್ಣತೆಯ ಮೀಟರನ್ನು ಕುರಿತು ಹಳೆ ಜೀಪಿನ ಮಾಲೀಕರಲ್ಲಿ ಬೇರೂರಿರುವ ಮಾತೊಂದಿದೆ: ‘ಅದು ಸುಳ್ಳು ತೋರಿಸ್ತದೆ, ಬಿಡಿ.’ ಮೀಟರ್ ಸುಳ್ಳು ಹೇಳುತ್ತಿರಲೂಬಹುದು. ಆದರೆ ಎಂಜಿನ್ನಿನ ನಿಜವಾದ ಬಿಸಿಯನ್ನು ಬೇರೊಂದು ಸಾಧನದಿಂದ ಅಳೆಯುವವರೆಗೆ ಅದು ಬರೀ ಊಹೆ. ಆ ಊಹೆಯನ್ನು ನಂಬಿ ಘಟ್ಟ ಹತ್ತುವುದು ಅಪಾಯ ಎಂಬುದು ನನ್ನ ವಾದ.

ಮುಳ್ಳು ತಾನಾಗಿ ಏನನ್ನೂ ಅಳೆಯುವುದಿಲ್ಲ. ಎಂಜಿನ್ನಿನ ನೀರಿನಲ್ಲಿ ಮುಳುಗಿರುವ ಸೆನ್ಸರ್ ಅಳೆಯುತ್ತದೆ. ನೀರು ಬಿಸಿಯಾದಷ್ಟೂ ಸೆನ್ಸರ್‌ನ ವಿದ್ಯುತ್ ರೋಧ ಇಳಿಯುತ್ತದೆ, ಹರಿಯುವ ವಿದ್ಯುತ್ ಹೆಚ್ಚುತ್ತದೆ, ಮುಳ್ಳು ಮೇಲೇರುತ್ತದೆ. ಸೆನ್ಸರ್‌ನಿಂದ ಡ್ಯಾಶ್‌ಬೋರ್ಡಿಗೆ ಒಂದೇ ವೈರು. ಮರಳುವ ದಾರಿ ಎಂಜಿನ್ನಿನ ಲೋಹವೇ, ಅಂದರೆ ಅರ್ತ್. ಅನೇಕ ಹಳೆಯ ಗಾಡಿಗಳಲ್ಲಿ ಡೀಸೆಲ್ ಮೀಟರಿಗೂ ಉಷ್ಣತೆಯ ಮೀಟರಿಗೂ ಸೇರಿ ಒಂದೇ ವೋಲ್ಟೇಜ್ ನಿಯಂತ್ರಕ ಇರುತ್ತದೆ. ನೀರು, ಸೆನ್ಸರ್, ವೈರು, ಅರ್ತ್, ನಿಯಂತ್ರಕ ಇವೆಲ್ಲ ಸರಿಯಿದ್ದರೆ ಮಾತ್ರ ಕೊನೆಯಲ್ಲಿರುವ ಮುಳ್ಳು ಸರಿ ತೋರಿಸೀತು. ಕಣ್ಣಿಗೆ ಕಾಣುವುದು ಅದೊಂದೇ ಆದ್ದರಿಂದ ತಪ್ಪೆಲ್ಲ ಅದರ ತಲೆಗೆ ಬರುತ್ತದೆ. (ವಿಲ್ಲೀಸ್ ಕಾಲದ ಜೀಪುಗಳ ಮೀಟರ್ ಬೇರೆ ಬಗೆಯದು. ಅದರಲ್ಲಿ ವಿದ್ಯುತ್ತಿಲ್ಲ. ಸಣ್ಣ ತಾಮ್ರದ ಕೊಳವೆಯೊಳಗಿನ ದ್ರವ ಆವಿಯಾಗಿ ಒತ್ತಡದಿಂದ ಮುಳ್ಳನ್ನು ತಳ್ಳುತ್ತದೆ. ಕೊಳವೆ ಬಿರುಕುಬಿಟ್ಟರೆ ಮೀಟರ್ ಸತ್ತಂತೆ.)

ಮುಳ್ಳು ನಿಜವನ್ನೇ ಹೇಳುತ್ತಿದ್ದರೂ ನಾವು ನಂಬದ ಸಂದರ್ಭಗಳಿವೆ. ಗಾಡಿ ಹೀಟ್ ಆಗುತ್ತದೆ ಎಂದು ದೂರಿದರೆ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಬಿಸಾಡುವ ರೂಢಿ ನಮ್ಮ ಕಡೆ ಬಹಳ ಹಳೆಯದು. ಸಾಮಾನ್ಯವಾಗಿ 82 ಡಿಗ್ರಿಯ ಆಸುಪಾಸಿನಲ್ಲಿ ತೆರೆದುಕೊಳ್ಳುವ ಈ ವಾಲ್ವ್, ಅಲ್ಲಿಯವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ಎಂಜಿನ್ನನ್ನು ಬೇಗ ಬಿಸಿಯಾಗಿಸುತ್ತದೆ. ಅದಿಲ್ಲದ ಜೀಪು ಚಳಿಗಾಲದ ಬೆಳಗ್ಗೆ ಹುಣಸೂರು ತಲುಪಿದರೂ ಮುಳ್ಳು ತಳದಲ್ಲೇ ಇರುತ್ತದೆ. ‘ಮೀಟರ್ ಕೆಟ್ಟಿದೆ’ ಎಂದು ಹೊಸ ಮೀಟರ್ ಹಾಕಿಸಿದರೂ ಅದೂ ಅಲ್ಲೇ ನಿಲ್ಲುತ್ತದೆ. ಎಂಜಿನ್ ತಣ್ಣಗಿರುವುದೇ ನಿಜ. ಹೊಗೆಯೂ ಡೀಸೆಲ್ ಖರ್ಚೂ ಹೆಚ್ಚುವುದು ಅದರ ಫಲ. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ನೀರು ಸೋರಿ ಮಟ್ಟ ಇಳಿದಾಗ ಸೆನ್ಸರ್‌ನ ತುದಿ ನೀರಿನಿಂದ ಹೊರಬಂದು ಬರೀ ಗಾಳಿಯಲ್ಲಿ ಉಳಿಯುತ್ತದೆ. ಆಗ ಎಂಜಿನ್ ಕಾದು ಕೆಂಡವಾಗುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು ಅಥವಾ ಅತ್ತಿತ್ತ ಓಲಾಡಬಹುದು. ಮೀಟರಿನದು ಎಂದಿನ ಚಾಳಿ ಎಂದು ಕಡೆಗಣಿಸಿದವರಿಗೆ ಕೊನೆಗೆ ಹೆಡ್ ಗ್ಯಾಸ್ಕೆಟ್ ಸುಟ್ಟು ಹೆಡ್ ಬೆಂಡಾಗಿ ರಿಪೇರಿಯ ಬಿಲ್ಲು ಬರುತ್ತದೆ. ಆದ್ದರಿಂದ ವೈರು, ಮೀಟರು ಮುಟ್ಟುವ ಮೊದಲು ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮಟ್ಟ ನೋಡಬೇಕು. ಬಿಸಿ ಇರುವಾಗ ಆ ಮುಚ್ಚಳಕ್ಕೆ ಕೈ ಹಾಕಲೇಬಾರದು.

ನೀರು ಸರಿಯಿದ್ದರೆ ಮುಂದಿನದು ಅಳತೆ. ದೂರದಿಂದ ಹಿಡಿದು ಓದುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದಕ್ಕೆ ಸಾಕು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಮಾತ್ರ ಇಲ್ಲಿ ಕೆಲಸಕ್ಕೆ ಬಾರದು, ಅದರ ಅಳತೆ 43 ಡಿಗ್ರಿಯ ಸುಮಾರಿಗೆ ಮುಗಿದುಹೋಗುತ್ತದೆ. ಕೈಗಾರಿಕಾ ಬಳಕೆಯದೇ ಬೇಕು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಈ ಸಾಧನವೂ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಥರ್ಮೋಸ್ಟಾಟ್ ಕೂತ ಲೋಹದ ಕವಚದ ಮೇಲೆ ಸ್ವಲ್ಪ ಕಪ್ಪು ಬಣ್ಣ ಬಳಿದೋ ಕಾಗದದ ಟೇಪ್ ಅಂಟಿಸಿಯೋ, ಸೆನ್ಸರ್ ಕೂತ ಜಾಗದ ಹತ್ತಿರವೇ ಓದಬೇಕು. ಹೊರಮೈ ಒಳಗಿನ ನೀರಿಗಿಂತ ಕೆಲವು ಡಿಗ್ರಿ ತಣ್ಣಗಿರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲೋಹ 80ರ ಮೇಲಿದ್ದೂ ಮುಳ್ಳು ತಳದಲ್ಲಿದ್ದರೆ, ಅಥವಾ ಲೋಹ 80ರಲ್ಲೇ ಇದ್ದು ಮುಳ್ಳು ಕೆಂಪಿಗೆ ಏರಿದ್ದರೆ, ಆಗ ಮಾತ್ರ ಮೀಟರಿನ ಸಾಲಿನಲ್ಲಿ ದೋಷ ಹುಡುಕಲು ಕಾರಣ ಸಿಕ್ಕಂತೆ.

ಹುಡುಕಾಟ ಕಷ್ಟದ್ದಲ್ಲ. ಉಷ್ಣತೆಯ ಮುಳ್ಳಿನ ಜೊತೆ ಡೀಸೆಲ್ ಮುಳ್ಳೂ ಒಟ್ಟಿಗೆ ಹೆಚ್ಚು ತೋರಿಸುತ್ತಿದ್ದರೆ ಎರಡಕ್ಕೂ ಸೇರಿದ ನಿಯಂತ್ರಕವನ್ನೋ ಅದರ ಅರ್ತನ್ನೋ ಶಂಕಿಸಬೇಕು. ಹೆಡ್‌ಲೈಟ್ ಹಾಕಿದೊಡನೆ ಮುಳ್ಳು ಜಿಗಿದರೆ ಅರ್ತ್ ಸಡಿಲವಾಗಿದೆ. ಇವೆರಡೂ ಅಲ್ಲವಾದರೆ ಸೆನ್ಸರ್‌ನಿಂದ ವೈರನ್ನು ಕಳಚಿ: ಸಾಮಾನ್ಯ ಬಗೆಯ ಮೀಟರಿನಲ್ಲಿ ಮುಳ್ಳು ತಳಕ್ಕೆ ಬೀಳಬೇಕು. ಬೀಳದಿದ್ದರೆ ವೈರು ಎಲ್ಲೋ ಉಜ್ಜಿ ಬಾಡಿಗೆ ತಾಗುತ್ತಿದೆ. ಅದೇ ವೈರನ್ನು ಕ್ಷಣಮಾತ್ರ ಎಂಜಿನ್ನಿನ ಲೋಹಕ್ಕೆ ಮುಟ್ಟಿಸಿದರೆ ಮುಳ್ಳು ಮೇಲಕ್ಕೆ ಹೊರಡಬೇಕು. ಹಾಗಾದರೆ ವೈರೂ ಮೀಟರೂ ಜೀವಂತ ಇವೆ, ಉಳಿಯುವುದು ಸೆನ್ಸರ್ ಮತ್ತು ಅದರ ಅರ್ತ್. ನೀರು ಸೋರದಿರಲೆಂದು ಸೆನ್ಸರ್‌ನ ಥ್ರೆಡ್ಡಿಗೆ ದಪ್ಪವಾಗಿ ಟೇಪ್ ಸುತ್ತಿದ್ದರೆ ಅರ್ತ್ ಕೆಡುತ್ತದೆ, ಎಂಜಿನ್ ಕುದಿಯುತ್ತಿದ್ದರೂ ಮುಳ್ಳು ಕಡಿಮೆ ತೋರಿಸುತ್ತದೆ.

ಇಷ್ಟೆಲ್ಲ ಏಕೆ, ಸೆನ್ಸರ್ ಅಗ್ಗ, ಹೊಸದು ಹಾಕಿದರಾಯಿತು ಎನ್ನುವವರಿದ್ದಾರೆ. ಅಗ್ಗ ಎಂಬುದು ನಿಜ. ಆದರೆ ಥ್ರೆಡ್ ಒಂದೇ ಆಗಿದ್ದರೂ ರೋಧದ ಲೆಕ್ಕ ಬೇರೆಯಿರುವ ಸೆನ್ಸರ್‌ಗಳು ಅಂಗಡಿಯಲ್ಲಿ ಸಿಗುತ್ತವೆ. ಅಂಥದ್ದನ್ನು ಕೂರಿಸಿದರೆ ಅಲ್ಲಿಯವರೆಗೆ ಇಲ್ಲದ ಸುಳ್ಳನ್ನು ನಾವೇ ಮೀಟರಿಗೆ ಕಲಿಸಿದಂತಾಗುತ್ತದೆ. ಹೊಸ ಕಾರುಗಳಲ್ಲಿ ಮುಳ್ಳು ಅಲುಗುವುದೇ ಇಲ್ಲ, ಹಳೆ ಜೀಪಿನದು ಏರಿಳಿಯುವುದೇ ದೋಷ ಎಂಬ ಆಕ್ಷೇಪವೂ ಇದೆ. ಇದು ಸರಿಯಲ್ಲ. ಹೊಸ ಕಾರು ತಯಾರಿಸುವವರು ಚಾಲಕ ಗಾಬರಿಪಡದಿರಲೆಂದು, ದೊಡ್ಡ ಅಂತರದ ಉಷ್ಣತೆಗೆಲ್ಲ ಮುಳ್ಳು ನಡುವೆಯೇ ನಿಲ್ಲುವಂತೆ ಹೊಂದಿಸಿರುತ್ತಾರೆ. ಏರಿನಲ್ಲಿ ಸ್ವಲ್ಪ ಮೇಲೇರಿ ಇಳಿಜಾರಿನಲ್ಲಿ ಕೆಳಗಿಳಿಯುವ ಹಳೆಯ ಮುಳ್ಳು ಹೆಚ್ಚು ಪ್ರಾಮಾಣಿಕ. ಡಿಜಿಟಲ್ ಮೀಟರ್ ಹಾಕಿಸಿಬಿಡಿ ಎಂಬ ಸಲಹೆಯನ್ನು ನಾನು ವಿರೋಧಿಸುವುದಿಲ್ಲ. ಅದರದೇ ಸೆನ್ಸರ್ ಜೊತೆ ಹಾಕಿದರೆ ಒಳ್ಳೆಯದೇ. ಆದರೆ ಅದರ ಸೆನ್ಸರ್‌ಗೂ ನೀರು ತಾಗಬೇಕು, ಅರ್ತ್ ಸಿಗಬೇಕು.

ಹಳೆಯ ಮೀಟರನ್ನೇ ಉಳಿಸಿಕೊಳ್ಳುವವರು ಸೆನ್ಸರನ್ನು ಕಳಚಿದಾಗ ಇನ್ನೊಂದು ಕೆಲಸ ಮಾಡಲಿ. ಉದ್ದದ ವೈರಿನಿಂದ ಅದನ್ನು ಮೀಟರಿಗೆ ಜೋಡಿಸಿ, ಅದರ ಮೈಯನ್ನು ಇನ್ನೊಂದು ವೈರಿನಿಂದ ಅರ್ತಿಗೆ ಕೊಟ್ಟು, ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಮುಳ್ಳು ನಿಂತ ಜಾಗವನ್ನು ಗುರುತಿಸಬೇಕು. ಕುದಿಯುವ ನೀರು ಎಂದರೆ 100 ಡಿಗ್ರಿ ಎಂದುಕೊಳ್ಳಬಾರದು. ಆ ಲೆಕ್ಕ ಸಮುದ್ರಮಟ್ಟದ್ದು. ಪ್ರತಿ 300 ಮೀಟರ್ ಎತ್ತರಕ್ಕೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಸುಮಾರು 770 ಮೀಟರ್ ಎತ್ತರದ ಮೈಸೂರು ಸೀಮೆಯಲ್ಲಿ, ಅಂದರೆ ಇಲವಾಲದಲ್ಲಿಯೂ, ನೀರು 97 ಡಿಗ್ರಿ ದಾಟುತ್ತಿದ್ದಂತೆ ಕುದಿಯುತ್ತದೆ; ಮಡಿಕೇರಿಯಲ್ಲಿ 96ರ ಆಸುಪಾಸಿನಲ್ಲಿ. ರೇಡಿಯೇಟರ್ ಮುಚ್ಚಳದ ಒತ್ತಡ ಗಾಡಿಯೊಳಗಿನ ಕುದಿಬಿಂದುವನ್ನು ಇದಕ್ಕಿಂತ ಬಹಳ ಮೇಲಕ್ಕೇರಿಸುತ್ತದೆ. ಮುಚ್ಚಳದ ರಬ್ಬರ್ ಸವೆದಿದ್ದರೆ ಆ ರಕ್ಷಣೆ ಇರುವುದಿಲ್ಲ, ಮೀಟರಿನಲ್ಲಿ ಅದು ಕಾಣುವುದೂ ಇಲ್ಲ. ಕುದಿಯುವ ನೀರಿನಲ್ಲಿ ಮುಳ್ಳು ನಿಂತ ಜಾಗಕ್ಕೆ ಮೀಟರಿನ ಗಾಜಿನ ಮೇಲೆ ಒಂದು ಚುಕ್ಕೆ ಬಣ್ಣ ಹಚ್ಚಿ. ಘಟ್ಟದಲ್ಲಿ ಮುಳ್ಳು ಆ ಚುಕ್ಕೆ ಮುಟ್ಟಿದರೆ ಗಾಡಿಯನ್ನು ಪಕ್ಕಕ್ಕೆ ಹಾಕಿ, ಗೇರ್ ತೆಗೆದು ಐಡಲ್‌ನಲ್ಲಿ ಬಿಟ್ಟು, ಮುಳ್ಳು ಇಳಿಯುವುದನ್ನು ಕಾಯಿರಿ. ಇಳಿಯದಿದ್ದರೆ ಎಂಜಿನ್ ಬಂದ್ ಮಾಡಿ.