ಎಲ್‌ಇಡಿಗೆ ಎಷ್ಟು ವಿದ್ಯುತ್ ಹರಿಸಬೇಕು?

ಎಲ್‌ಇಡಿ ಎಂಬ ಚಿಕ್ಕ ಡಯೋಡಿನಲ್ಲಿ ಬೆಳಕು ಹುಟ್ಟುವುದು ಎರಡು ಬಗೆಯ ಅರೆವಾಹಕ ಪದರಗಳು ಕೂಡುವ ಸಂಧಿಯಲ್ಲಿ. ಒಂದು ಪದರದಿಂದ ಬರುವ ಎಲೆಕ್ಟ್ರಾನು, ಇನ್ನೊಂದು ಪದರದಲ್ಲಿ ಎಲೆಕ್ಟ್ರಾನಿಲ್ಲದೆ ಖಾಲಿ ಉಳಿದಿರುವ ‘ರಂಧ್ರ’ವೆಂಬ ಸ್ಥಾನವನ್ನು ತುಂಬಿದಾಗ ಬಿಡುಗಡೆಯಾಗುವ ಶಕ್ತಿ ಬೆಳಕಿನ ಕಣವಾಗಿ ಹೊರಬೀಳುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಎಲೆಕ್ಟ್ರಾನುಗಳು ಸಂಧಿಯನ್ನು ದಾಟುತ್ತವೆ ಎಂಬುದೇ ವಿದ್ಯುತ್ ಪ್ರವಾಹದ ಅಳತೆಯಾದ್ದರಿಂದ, ಎಲ್‌ಇಡಿಯ ಬೆಳಕನ್ನು ನಿರ್ಧರಿಸುವುದು ವೋಲ್ಟೇಜಿಗಿಂತ ಮುಖ್ಯವಾಗಿ ಪ್ರವಾಹ. ಬಿಳಿ ಎಲ್‌ಇಡಿ ಸುಮಾರು 3 ವೋಲ್ಟಿನಲ್ಲಿ ಉರಿಯುತ್ತದೆ. ಅದಕ್ಕಿಂತ ಸಾಕಷ್ಟು ಕೆಳಗೆ ಪ್ರವಾಹ ಇಲ್ಲವೆನ್ನುವಷ್ಟು ಕಡಿಮೆಯಿದ್ದು, ಒಮ್ಮೆ ಉರಿಯತೊಡಗಿದ ಮೇಲೆ ವೋಲ್ಟಿನ ಹತ್ತನೇ ಒಂದೆರಡು ಭಾಗ ಏರಿದರೂ ಪ್ರವಾಹ ಇಮ್ಮಡಿಯಾಗಬಹುದು. ಅಷ್ಟೇ ಅಲ್ಲದೆ, ಬಿಸಿಯಾದಂತೆ ಅದೇ ಪ್ರವಾಹಕ್ಕೆ ಬೇಕಾಗುವ ವೋಲ್ಟೇಜು ಇಳಿಯುವುದರಿಂದ, ವೋಲ್ಟೇಜನ್ನು ಮಾತ್ರ ಸ್ಥಿರವಾಗಿಟ್ಟ ಎಲ್‌ಇಡಿ ಹೆಚ್ಚು ಪ್ರವಾಹವನ್ನು ಎಳೆದುಕೊಂಡು ಇನ್ನಷ್ಟು ಬಿಸಿಯಾಗುತ್ತ ತನ್ನನ್ನು ತಾನೇ ಸುಟ್ಟುಕೊಳ್ಳಬಲ್ಲದು. ಹಾಗಾಗಿಯೇ ಪ್ರತಿಯೊಂದು ಎಲ್‌ಇಡಿಯ ಹಿಂದೆ ಪ್ರವಾಹಕ್ಕೆ ಕಡಿವಾಣ ಹಾಕುವ ಏನಾದರೊಂದು ಇದ್ದೇ ಇರುತ್ತದೆ. ಆಟಿಕೆಯಲ್ಲಿ ಅದು ಒಂದು ರೆಸಿಸ್ಟರ್, ಮನೆಯ ಬಲ್ಬಿನಲ್ಲಿ ಡ್ರೈವರ್ ಎಂದು ಕರೆಯಲಾಗುವ ಪುಟ್ಟ ವಿದ್ಯುನ್ಮಂಡಲ.

ಪ್ರವಾಹ ಇಮ್ಮಡಿಯಾದರೆ ಬೆಳಕೂ ಇಮ್ಮಡಿಯಾಗಬೇಕು ಎಂಬುದು ಸಹಜ ನಿರೀಕ್ಷೆ; ಅಳೆದು ನೋಡಿದರೆ ಹಾಗಾಗುವುದಿಲ್ಲ. 350 ಮಿಲಿಆಂಪಿಯರಿನಲ್ಲಿ ಉರಿಯುವ, ಸುಮಾರು ಒಂದು ವ್ಯಾಟಿನ ಬಿಳಿ ಎಲ್‌ಇಡಿಯೊಂದಕ್ಕೆ 700 ಮಿಲಿಆಂಪಿಯರ್ ಹರಿಸಿದರೆ ಬೆಳಕು ಸಾಮಾನ್ಯವಾಗಿ 1.7ರಿಂದ 1.8 ಪಟ್ಟಿನ ಆಸುಪಾಸಿಗೆ ಬಂದು ನಿಲ್ಲುತ್ತದೆ, ಉಳಿದದ್ದು ಶಾಖವಾಗುತ್ತದೆ. ಇದನ್ನು ದಕ್ಷತೆಯ ಕುಸಿತವೆನ್ನುತ್ತಾರೆ. ಬಿಳಿ ಎಲ್‌ಇಡಿಯ ಒಳಗಿರುವುದು ವಾಸ್ತವವಾಗಿ ಇಂಡಿಯಂ ಗ್ಯಾಲಿಯಂ ನೈಟ್ರೈಡಿನ ನೀಲಿ ಎಲ್‌ಇಡಿ. ಅದರ ಮೇಲಿನ ಹಳದಿ ಫಾಸ್ಫರ್ ಲೇಪ ನೀಲಿಯ ಒಂದು ಪಾಲನ್ನು ಹಳದಿಯಾಗಿ ಬದಲಿಸಿ ಎರಡೂ ಬೆರೆತು ಬಿಳಿಯಾಗಿ ಕಾಣುವಂತೆ ಮಾಡುತ್ತದೆ. ಈ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೋ ಮತ್ತು ಶೂಜಿ ನಕಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಸಂದಿತು; ಆದರೆ ಹೆಚ್ಚು ಪ್ರವಾಹದಲ್ಲಿ ಅದರ ದಕ್ಷತೆ ಏಕೆ ಕುಸಿಯುತ್ತದೆ ಎಂಬ ಪ್ರಶ್ನೆ ಅದು ಮಾರುಕಟ್ಟೆಗೆ ಬಂದು ವರ್ಷಗಳಾದ ಮೇಲೂ ವಿವಾದದಲ್ಲೇ ಇತ್ತು.

ಸಂಧಿಗೆ ಬಂದ ಎಲೆಕ್ಟ್ರಾನು ಮತ್ತು ರಂಧ್ರಗಳ ಮುಂದೆ ಮೂರು ದಾರಿಗಳಿವೆ. ಹರಳಿನ ದೋಷವೊಂದರಲ್ಲಿ ಸಿಕ್ಕಿ ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳುವುದು ಮೊದಲನೆಯದು, ಜೊತೆಗೂಡಿ ಬೆಳಕಾಗುವುದು ಎರಡನೆಯದು. ಒಂದು ಜೋಡಿ ಸೇರುವಾಗ ಹೊಮ್ಮಿದ ಶಕ್ತಿ ಬೆಳಕಾಗದೆ ಪಕ್ಕದ ಮೂರನೆಯ ಕಣಕ್ಕೆ ವರ್ಗವಾಗುವುದು ಕೊನೆಯದು. ಈ ಕೊನೆಯದಕ್ಕೆ ಫ್ರೆಂಚ್ ಭೌತವಿಜ್ಞಾನಿ ಪಿಯೆರ್ ಓಜೆ ಅವರ ಹೆಸರಿದೆ. ಕಣಗಳ ದಟ್ಟಣೆ ಇಮ್ಮಡಿಯಾದರೆ ಮೊದಲ ದಾರಿಯ ಸಂಚಾರ ಇಮ್ಮಡಿಯಾಗುತ್ತದೆ, ಬೆಳಕಿನ ದಾರಿಯದು ನಾಲ್ಮಡಿಯಾಗುತ್ತದೆ, ಓಜೆ ದಾರಿಯದು ಎಂಟು ಪಟ್ಟಾಗುತ್ತದೆ. ಆದ್ದರಿಂದ ತೀರಾ ಕಡಿಮೆ ಪ್ರವಾಹದಲ್ಲಿ ದೋಷಗಳೂ ತೀರಾ ಹೆಚ್ಚಿನಲ್ಲಿ ಓಜೆ ಪ್ರಕ್ರಿಯೆಯೂ ಬೆಳಕಿನ ಪಾಲನ್ನು ಕಿತ್ತುಕೊಂಡು, ಎಲ್‌ಇಡಿಯ ಅತ್ಯುತ್ತಮ ದಕ್ಷತೆ ಅದರ ನಿಗದಿತ ಪ್ರವಾಹಕ್ಕಿಂತ ಬಹಳ ಕೆಳಗೆ ಎಲ್ಲೋ ಇರುತ್ತದೆ. 2013ರಲ್ಲಿ ಅಮೆರಿಕದ ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಎಕೋಲ್ ಪಾಲಿಟೆಕ್ನಿಕ್‌ನ ಸಂಶೋಧಕರು, ಉರಿಯುತ್ತಿರುವ ಎಲ್‌ಇಡಿಯ ಮೇಲ್ಮೈಯಿಂದ ಹೊರಬೀಳುವ ಅಧಿಕ ಶಕ್ತಿಯ ಎಲೆಕ್ಟ್ರಾನುಗಳನ್ನೇ ಹಿಡಿದು ಅಳೆದು, ಓಜೆ ಪ್ರಕ್ರಿಯೆಗೆ ನೇರ ಸಾಕ್ಷ್ಯ ಒದಗಿಸಿದರು.

ಪ್ರವಾಹಕ್ಕೂ ಬೆಳಕಿಗೂ ಇರುವ ಈ ಸಂಬಂಧವನ್ನು ಪ್ರಯೋಗಾಲಯದಲ್ಲಿ ಅಳೆಯುವುದು ಕೇಳಿದಷ್ಟು ಸರಳವಲ್ಲ. ಎಲ್ಲ ದಿಕ್ಕಿಗೂ ಹೊರಡುವ ಬೆಳಕನ್ನು ಒಟ್ಟುಗೂಡಿಸಲು, ಒಳಮೈಗೆ ಬೇರಿಯಂ ಸಲ್ಫೇಟಿನಂಥ ಅಚ್ಚ ಬಿಳಿಯ ಲೇಪವಿರುವ ಟೊಳ್ಳು ಗೋಳದೊಳಗೆ ಎಲ್‌ಇಡಿಯನ್ನಿಟ್ಟು, ಮತ್ತೆ ಮತ್ತೆ ಚದುರಿ ಸಮವಾದ ಬೆಳಕನ್ನು ಗೋಡೆಯಲ್ಲಿರುವ ಸಂವೇದಕದಿಂದ ಓದುತ್ತಾರೆ. ಎಲ್‌ಇಡಿಯನ್ನು ಉರಿಯಲು ಬಿಟ್ಟು ನಿಧಾನವಾಗಿ ಅಳೆದರೆ ಪ್ರವಾಹದ ಪರಿಣಾಮ ಮತ್ತು ಬಿಸಿಯ ಪರಿಣಾಮ ಬೆರೆತುಹೋಗುತ್ತವೆ. ಆದ್ದರಿಂದ ಸಂಧಿ ಕಾಯುವ ಮೊದಲೇ, ಕೆಲವೇ ಮಿಲಿಸೆಕೆಂಡುಗಳ ಪ್ರವಾಹದ ಮಿಡಿತದಲ್ಲಿ ಅಳತೆಯನ್ನು ಮುಗಿಸಬೇಕಾಗುತ್ತದೆ. ಸಾಸಿವೆಗಿಂತ ಚಿಕ್ಕದಾದ ಹರಳಿನೊಳಗಿನ ಸಂಧಿಗೆ ಉಷ್ಣಮಾಪಕವನ್ನು ತಾಗಿಸುವುದು ಸಾಧ್ಯವಿಲ್ಲವಾದರೂ ಎಲ್‌ಇಡಿ ತಾನೇ ಉಷ್ಣಮಾಪಕವಾಗುತ್ತದೆ. ಅತ್ಯಲ್ಪ ಪ್ರವಾಹವೊಂದನ್ನು ಹರಿಸಿ, ಪ್ರತಿ ಡಿಗ್ರಿಗೆ ಕೆಲವು ಮಿಲಿವೋಲ್ಟಿನಂತೆ ಇಳಿಯುವ ಅದರ ವೋಲ್ಟೇಜನ್ನು ಮೊದಲೇ ಗೊತ್ತಾದ ತಾಪಮಾನಗಳ ಒಲೆಯೊಂದರಲ್ಲಿ ಅಳೆದು ಬರೆದಿಟ್ಟುಕೊಂಡರೆ, ಪೂರ್ಣ ಪ್ರವಾಹದಲ್ಲಿ ಉರಿಯುತ್ತಿದ್ದ ಎಲ್‌ಇಡಿಯನ್ನು ಕ್ಷಣಮಾತ್ರ ಆ ಅಲ್ಪ ಪ್ರವಾಹಕ್ಕೆ ಇಳಿಸಿ ಸಂಧಿಯ ತಾಪಮಾನವನ್ನು ಓದಬಹುದು. ಇಡೀ ಪರೀಕ್ಷಾ ವಿಧಾನದಲ್ಲಿ ಇದಕ್ಕಿಂತ ಅಂದವಾದ ಉಪಾಯ ಇನ್ನೊಂದಿಲ್ಲ.

ಆಯುಸ್ಸಿನ ಪರೀಕ್ಷೆಗೆ ಬೇರೊಂದು ತೊಡಕಿದೆ. ತಂತಿಯ ಹಳೆಯ ಬಲ್ಬು ಒಂದು ದಿನ ಪಟ್ಟನೆ ಸುಟ್ಟುಹೋಗುತ್ತಿತ್ತು, ಎಲ್‌ಇಡಿ ಚಿಪ್ ಮಂಕಾಗುತ್ತ ಹೋಗುತ್ತದೆ. ಹಾಗಾಗಿ ಅದರ ಸಾವು ಯಾವಾಗ ಎಂಬುದನ್ನು ಮನುಷ್ಯರೇ ಗೊತ್ತುಮಾಡಬೇಕಾಯಿತು. ಬೆಳಕು ಆರಂಭದ ಶೇಕಡಾ 70ಕ್ಕೆ ಇಳಿಯುವ ಹೊತ್ತನ್ನು ‘ಎಲ್70’ ಎಂದು ಕರೆದು ಆಯುಸ್ಸಿನ ಗಡಿಯಾಗಿ ಒಪ್ಪಿಕೊಳ್ಳಲಾಗಿದೆ, ಏಕೆಂದರೆ ನಿಧಾನವಾಗಿ ಆಗುವ ಶೇಕಡಾ 30ರ ಇಳಿಕೆಯನ್ನು ಹೆಚ್ಚಿನವರ ಕಣ್ಣು ಗುರುತಿಸುವುದೇ ಇಲ್ಲ. ಅಮೆರಿಕದ ಬೆಳಕಿನ ಎಂಜಿನಿಯರಿಂಗ್ ಸಂಘ 2008ರಲ್ಲಿ ರೂಪಿಸಿದ ಎಲ್ಎಂ-80 ಎಂಬ ವಿಧಾನದ ಮೊದಲ ಆವೃತ್ತಿಯಲ್ಲಿ, ಎಲ್‌ಇಡಿಗಳನ್ನು ನಿಗದಿತ ಪ್ರವಾಹದಲ್ಲಿ 55 ಡಿಗ್ರಿ, 85 ಡಿಗ್ರಿ ಮತ್ತು ತಯಾರಕರು ಆರಿಸಿದ ಇನ್ನೊಂದು ತಾಪಮಾನದಲ್ಲಿ ಕನಿಷ್ಠ 6,000 ಗಂಟೆ, ಅಂದರೆ 250 ದಿನ, ಬಿಡದೆ ಉರಿಸಿ ಆಗಾಗ ಅಳೆಯಬೇಕಿತ್ತು. ಭಾರತದಲ್ಲಿ ಈ ಕೆಲಸಕ್ಕೆ ಐಎಸ್ 16105 ಎಂಬ ಮಾನಕವಿದೆ. ಪರೀಕ್ಷೆಯ ಅಂಕಿಗಳಿಂದ ಮುಂದಿನ ಆಯುಸ್ಸನ್ನು ಟಿಎಂ-21 ಎಂಬ ಗಣಿತದ ಕ್ರಮದಿಂದ ಊಹಿಸುತ್ತಾರೆ, ಆ ಊಹೆ ಪರೀಕ್ಷೆಯ ಅವಧಿಯ ಆರು ಪಟ್ಟನ್ನು ಮೀರುವಂತಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ 50,000 ಗಂಟೆ ಬಿಡದೆ ಉರಿಸಿದರೂ ಐದೂವರೆ ವರ್ಷಕ್ಕೂ ಮೀರಿದ ಕಾಲವಾದ್ದರಿಂದ, ಅದನ್ನು ಅಳತೆಯೆಂದಲ್ಲ, ಲೆಕ್ಕಾಚಾರವೆಂದೇ ಓದಿಕೊಳ್ಳಬೇಕು.

ಪ್ರವಾಹ ಹೆಚ್ಚಾದರೆ ಆಯುಸ್ಸು ಕುಗ್ಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಕುಗ್ಗಿಸುವುದು ಪ್ರವಾಹವೇ, ಅದು ತರುವ ಬಿಸಿಯೇ ಎಂಬುದು ಹೆಚ್ಚು ಸ್ವಾರಸ್ಯದ ಪ್ರಶ್ನೆ. ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣದಲ್ಲಿರುವ ರೆನ್ಸಲೇರ್ ಪಾಲಿಟೆಕ್ನಿಕ್ ಸಂಸ್ಥೆಯ ಬೆಳಕಿನ ಸಂಶೋಧನಾ ಕೇಂದ್ರದಲ್ಲಿ ನಾದರಾಜಾ ನರೇಂದ್ರನ್ ಮತ್ತು ಸಂಗಡಿಗರು 2000ದ ದಶಕದ ಆರಂಭದಲ್ಲಿ 5 ಮಿಲಿಮೀಟರ್ ಗಾತ್ರದ ಬಿಳಿ ಎಲ್‌ಇಡಿಗಳ ಮೇಲೆ ನಡೆಸಿದ ಪರೀಕ್ಷೆಗಳು ಈ ಎರಡು ಕಾರಣಗಳನ್ನು ಬಿಡಿಸಿ ನೋಡಿದವು. ಅಂಥ ಎಲ್‌ಇಡಿಗಳು ಅಂದು ಕೆಲವು ಸಾವಿರ ಗಂಟೆಗಳಲ್ಲೇ ಅರ್ಧದಷ್ಟು ಬೆಳಕನ್ನು ಕಳೆದುಕೊಳ್ಳುತ್ತಿದ್ದವು, ಅದಕ್ಕೆ ಮುಖ್ಯ ಕಾರಣ ಚಿಪ್ ಸವೆಯುವುದಾಗಿರದೆ, ಅದನ್ನು ಸುತ್ತಿದ್ದ ಪಾರದರ್ಶಕ ಇಪಾಕ್ಸಿ ಅಂಟು ಹಳದಿಗಟ್ಟುವುದಾಗಿತ್ತು. ಹಳದಿಗಟ್ಟಿಸುವುದರಲ್ಲಿ ನೀಲಿ ಬೆಳಕಿನ ತೀವ್ರತೆಗೂ ಪಾಲಿದೆ, ಸಂಧಿಯ ಶಾಖಕ್ಕೂ ಇದೆ, ಆದರೆ ಶಾಖದ ಪಾಲು ಬಹಳ ದೊಡ್ಡದು ಎಂಬುದು ಅವರು ಕಂಡುಕೊಂಡ ಸಂಗತಿ. ಇಪಾಕ್ಸಿಯ ಜಾಗಕ್ಕೆ ಸಿಲಿಕೋನ್ ಬಂದದ್ದು, ಚಿಪ್‌ನ ಅಡಿಗೆ ಶಾಖ ಹೊರಹೋಗುವ ಲೋಹದ ದಾರಿ ಬಂದದ್ದು ಇಂಥ ಅರಿವಿನಿಂದಲೇ. ಇಂದಿನ ಎಲ್‌ಇಡಿಗಳು ನೂರಾರು ಮಿಲಿಆಂಪಿಯರನ್ನು ತಾಳಿಕೊಂಡು ಹತ್ತಾರು ಸಾವಿರ ಗಂಟೆ ಬಾಳುವುದೂ ಅದರಿಂದಲೇ. ಹಾಗೆಂದು ಪ್ರವಾಹ ಪೂರ್ತಿ ನಿರಪರಾಧಿಯಲ್ಲ: ದಟ್ಟವಾದ ಪ್ರವಾಹ ಹರಳಿನಲ್ಲಿ ಹೊಸ ದೋಷಗಳನ್ನು ಹುಟ್ಟಿಸಿ, ಬೆಳಕಾಗದ ಮೊದಲ ದಾರಿಯನ್ನು ವರ್ಷದಿಂದ ವರ್ಷಕ್ಕೆ ಅಗಲಗೊಳಿಸುತ್ತ ಹೋಗುತ್ತದೆ. ಪರೀಕ್ಷೆಯನ್ನು ಬೇಗ ಮುಗಿಸಲೆಂದು ಪ್ರವಾಹವನ್ನು ವಿಪರೀತ ಏರಿಸುವವರಿಗೆ ಇಲ್ಲೊಂದು ಬಲೆಯಿದೆ. ನಿತ್ಯದ ಬಳಕೆಯಲ್ಲಿ ಎಂದೂ ಕಾಣಿಸಿಕೊಳ್ಳದ ಬೇರೆಯದೇ ರೋಗದಿಂದ ಎಲ್‌ಇಡಿ ಸತ್ತರೆ, ಅಲ್ಲಿ ಸಿಕ್ಕ ಅಂಕಿಯಿಂದ ಮನೆಯ ದೀಪದ ಬಗ್ಗೆ ಏನನ್ನೂ ಹೇಳಲಾಗದು.

ಮನೆಯ ದೀಪದ ವಿಷಯಕ್ಕೆ ಬಂದರೆ ಕತೆ ಇನ್ನಷ್ಟು ಕೆಡುತ್ತದೆ. 2015ರಲ್ಲಿ ಆರಂಭವಾದ ಕೇಂದ್ರದ ಉಜಾಲಾ ಯೋಜನೆಯ ಮೂಲಕ, ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ, ಮನೆಮನೆಗೆ ತಲುಪಿದ 9 ವ್ಯಾಟಿನ ಬಲ್ಬು ಈಗ ಎಲ್ಲರಿಗೂ ಪರಿಚಿತ. ಇಂಥ ಗಾತ್ರದ ಅಗ್ಗದ ಬಲ್ಬೊಂದು ಕೆಟ್ಟಾಗ ಅದರ ಬಿಳಿ ಟೊಪ್ಪಿಗೆಯನ್ನು ತೆಗೆದು ನೋಡಿದರೆ, ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಸಾಲಾಗಿ ಕೂತ ಹಳದಿ ಚೌಕಗಳಲ್ಲಿ ಯಾವುದೋ ಒಂದರ ನಡುವೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಾಣುವುದುಂಟು. ಎಲ್ಲವೂ ಒಂದರ ಹಿಂದೊಂದು ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಆ ಒಂದು ಸುಟ್ಟರೆ ಇಡೀ ಬಲ್ಬು ಆರುತ್ತದೆ, ಉಳಿದವು ಎಲ್70ರ ಹತ್ತಿರಕ್ಕೂ ಹೋಗಿರುವುದಿಲ್ಲ. ಇಲ್ಲವಾದರೆ ಡ್ರೈವರಿನ ಕೆಪಾಸಿಟರ್ ಒಣಗಿ ಕೈಕೊಡುತ್ತದೆ. ಅದರ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಎರಡಕ್ಕೂ ಮೂಲ ಒಂದೇ: ಕಡಿಮೆ ಚಿಪ್‌ಗಳಿಂದ ಹೆಚ್ಚು ಬೆಳಕು ಹಿಂಡಲು ಹರಿಸುವ ಹೆಚ್ಚಿನ ಪ್ರವಾಹ. ಇಂಥ ಹಲವು ಬಲ್ಬುಗಳಲ್ಲಿ ಪ್ರವಾಹವನ್ನು ನಿರ್ಧರಿಸುವುದು ಬಿಲ್ಲೆಯ ಮೇಲೆ ಅಕ್ಕಪಕ್ಕ ಸಮಾಂತರವಾಗಿ ಕೂತ ಎರಡು ಪುಟ್ಟ ರೆಸಿಸ್ಟರುಗಳು. ಅವುಗಳಲ್ಲೊಂದನ್ನು ತೆಗೆದರೆ ಪ್ರವಾಹ ಇಳಿದು ಬಲ್ಬು ತುಸು ಮಂಕಾಗಿ, ತಣ್ಣಗೆ, ಬಹಳ ಹೆಚ್ಚು ಕಾಲ ಉರಿಯುತ್ತದೆ ಎಂಬುದನ್ನು ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು ಬಲ್ಲರು. ಈ ಮಂಡಲಗಳು ನೇರವಾಗಿ ಮನೆಯ 230 ವೋಲ್ಟಿಗೆ ತಗುಲಿಕೊಂಡಿರುವುದರಿಂದ ಅದು ತಿಳಿಯದವರು ಕೈಹಾಕುವ ಕೆಲಸವಂತೂ ಅಲ್ಲ.

ಅದೇ ಉಪಾಯವನ್ನು ಕಾರ್ಖಾನೆಯಲ್ಲೇ ಮಾಡಿದ ಉದಾಹರಣೆಯೂ ಇದೆ. ದುಬೈ ನಗರಾಡಳಿತದೊಡನೆ ಒಪ್ಪಂದ ಮಾಡಿಕೊಂಡು ಫಿಲಿಪ್ಸ್ 2016ರಲ್ಲಿ ಪ್ರಕಟಿಸಿದ ‘ದುಬೈ ದೀಪ’ 3 ವ್ಯಾಟಿನಲ್ಲಿ 600 ಲೂಮೆನ್, ಅಂದರೆ ಪ್ರತಿ ವ್ಯಾಟಿಗೆ 200 ಲೂಮೆನ್ ಬೆಳಕು ಕೊಡುತ್ತದೆ. ಅದರ ಗುಟ್ಟು ಹೊಸ ಅರೆವಾಹಕಕ್ಕಿಂತ ಹೆಚ್ಚಾಗಿ, ಬೇಕಾದುದಕ್ಕಿಂತ ಜಾಸ್ತಿ ಎಲ್‌ಇಡಿ ಎಳೆಗಳನ್ನು ಜೋಡಿಸಿ ಪ್ರತಿಯೊಂದಕ್ಕೂ ಅಲ್ಪ ಪ್ರವಾಹವನ್ನಷ್ಟೇ ಹರಿಸಿದ್ದರಲ್ಲಿದೆ. 2021ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಯುರೋಪಿನ ಹೊಸ ದಕ್ಷತೆಯ ಪಟ್ಟಿಯಲ್ಲಿ ‘ಎ’ ದರ್ಜೆಗೆ ಪ್ರತಿ ವ್ಯಾಟಿಗೆ 210 ಲೂಮೆನ್ ಬೇಕು, ಅಲ್ಲಿಗೆ ಏರುವ ಬಲ್ಬುಗಳೂ ಇದೇ ದಾರಿ ಹಿಡಿಯುತ್ತವೆ. ಚಿಪ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಬೆಲೆ ಏರುವುದರಿಂದ ಅಗ್ಗದ ಬಲ್ಬಿನವರು ಹಿಂಜರಿಯುತ್ತಾರೆ. ಒಳಗಿನ ಪ್ರವಾಹವನ್ನು ಪೆಟ್ಟಿಗೆಯ ಮೇಲೆ ಅಚ್ಚುಹಾಕುವ ರೂಢಿ ಇಲ್ಲದಿದ್ದರೂ ಲೂಮೆನ್ ಮತ್ತು ವ್ಯಾಟಿನ ಅಂಕಿಗಳು ಅಲ್ಲಿ ಸಾಮಾನ್ಯವಾಗಿ ಇರುತ್ತವೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಒಂದು ಬಲ್ಬಿಗೆ 90, ಪಕ್ಕದ ಇನ್ನೊಂದಕ್ಕೆ 130 ಬಂದರೆ, ಎರಡನೆಯದರ ಚಿಪ್‌ಗಳು ಕಡಿಮೆ ಪ್ರವಾಹದಲ್ಲಿ ತಣ್ಣಗೆ ಉರಿಯುತ್ತಿರುವ ಸಂಭವವೇ ಹೆಚ್ಚು.